ಬಾಗಲಕೋಟೆಯ ಬಿಸಿಲು, ನಮ್ಮ ಭರಣಿ

ಮಳೆಗಾಲಕ್ಕೆ ಮೊದಲು ಭರಣಿ ತುಂಬಬೇಕು ಎನ್ನುವುದು ನಮ್ಮ ಬ್ಯಾರಿ ಮನೆಗಳಲ್ಲಿ ಯಾರೂ ಬರೆದಿಡದ ಕಾನೂನು. ಮೇ ತಿಂಗಳು ಮುಗಿಯುವುದರೊಳಗೆ ಕಾಟು ಮಾವಿನಕಾಯಿ ಉಪ್ಪುನೀರಿಗೆ ಬೀಳಬೇಕು, ಹಲಸಿನ ಸೊಳೆ ಉಪ್ಪಿನಲ್ಲಿ ಕೂರಬೇಕು, ಒಣಮೀನು ಡಬ್ಬ ಸೇರಬೇಕು, ಹಪ್ಪಳ ಅಟ್ಟ ಏರಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಹಿತ್ತಲಿನ ತರಕಾರಿ ಮಳೆಗೆ ಕೊಳೆಯುತ್ತದೆ. ಆ ದಿನಗಳಲ್ಲಿ ಗಂಜಿಗೆ ನೆಂಜಿಕೊಳ್ಳಲು ಏನಾದರೂ ಬೇಕಲ್ಲ? ನಮ್ಮ ಉಮ್ಮಂದಿರು ಅದಕ್ಕೆ ಉತ್ತರವನ್ನು ಭರಣಿಯಲ್ಲಿ ಇಟ್ಟಿದ್ದರು.

ವ್ಯಾಪಾರ, ಹೋಟೆಲು, ಬೇಕರಿ, ನೌಕರಿ ಎಂದು ಘಟ್ಟ ಹತ್ತಿದ ನಮ್ಮವರ ಜೊತೆ ಈ ಭರಣಿಯೂ ಘಟ್ಟ ಹತ್ತಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆ ಸಂಸಾರ ಹೂಡಿದರೆ ಮೊದಲು ಗೊತ್ತಾಗುವುದು ಒಂದೇ: ಇಲ್ಲಿಯ ಲೆಕ್ಕವೇ ಬೇರೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿದರೆ, ಬಾಗಲಕೋಟೆ ಜಿಲ್ಲೆಯಲ್ಲಿ ಅದು 600 ಮಿ.ಮೀ. ಮುಟ್ಟುವುದೇ ಕಷ್ಟ. ನಾವು ಮಳೆಗೆ ಹೆದರಿ ಕೂಡಿಡುವವರು, ಅವರು ಬರಕ್ಕೆ ಹೆದರಿ ಕೂಡಿಡುವವರು. ನಮ್ಮ ಆಯುಧ ಉಪ್ಪು, ಅವರ ಆಯುಧ ಬಿಸಿಲು. ಈಗ ಇವೆರಡರ ನಡುವೆ ಮೂರನೆಯದೊಂದು ಬಂದಿದೆ. ಮೊಬೈಲಿನ ವಿಡಿಯೋ ನೋಡಿ ತರಕಾರಿಯನ್ನು ಬೇಯಿಸಿ, ಗಾಜಿನ ಬಾಟಲಿಗೆ ತುಂಬಿ, ಗಾಳಿ ಹೋಗದಂತೆ ಮುಚ್ಚಿ ಶೆಲ್ಫಿನಲ್ಲಿ ಇಡುವುದು. ನೋಡಲಿಕ್ಕೆ ಚಂದ ಉಂಟು. ಆದರೆ ಈ ಮೂರರಲ್ಲಿ ಜೀವಕ್ಕೆ ಅಪಾಯ ತರಬಲ್ಲದ್ದು ಅದೇ. ಅದಕ್ಕಾಗಿಯೇ ಈ ವಾರ ಈ ಮಾತು.

ಅಲ್ಲಿಯ ಮನೆಗಳ ಪಾಠ

ಬಾಗಲಕೋಟೆ ಕಡೆಯ ಅಡುಗೆಮನೆಗೆ ಹೋಗಿ ನೋಡಿ. ಬುಟ್ಟಿಯಲ್ಲಿ ಖಡಕ್ ಜೋಳದ ರೊಟ್ಟಿ. ಡಬ್ಬಗಳಲ್ಲಿ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಬೇಸಿಗೆಯಲ್ಲಿ ಮಾಳಿಗೆ ತುಂಬ ಶಾವಿಗೆ, ಸಂಡಿಗೆ, ಹಪ್ಪಳ, ಮಜ್ಜಿಗೆಯಲ್ಲಿ ನೆನೆಸಿದ ಮೆಣಸಿನಕಾಯಿ. ಚವಳಿಕಾಯಿಯನ್ನೂ ಒಣಗಿಸಿ ಬಾಳಕ ಮಾಡಿಟ್ಟುಕೊಂಡು, ಬೇಕಾದಾಗ ಎಣ್ಣೆಯಲ್ಲಿ ಕರಿಯುತ್ತಾರೆ. ಬನಶಂಕರಿ ಜಾತ್ರೆಯಲ್ಲಿ ದೇವಿಗೆ ತರಕಾರಿಗಳನ್ನೇ ಅರ್ಪಿಸುವ ಊರಿದು. ಬಾದಾಮಿಗೆ ಹೋದವರಿಗೆ ಅಲ್ಲಿ ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಚಟ್ನಿ ಹೊತ್ತು ಮಾರುವ ಹೆಂಗಸರ ನೆನಪು ಇರಬಹುದು. ಬೆಳೆದ ಕಾಯಿಪಲ್ಯದ ಬೆಲೆ ಗೊತ್ತಿರುವ ನಾಡು.

ಇವೆಲ್ಲದರ ಹಿಂದಿನ ಗುಟ್ಟು ಒಂದೇ, ನೀರನ್ನು ತೆಗೆಯುವುದು. ಆಹಾರ ಕೆಡಿಸುವ ಸೂಕ್ಷ್ಮಜೀವಿಗೂ ಬದುಕಲು ನೀರು ಬೇಕು. ನೀರಿಲ್ಲದಲ್ಲಿ ಅದು ಬೆಳೆಯುವುದಿಲ್ಲ. ಹುನಗುಂದ ಭಾಗದ ಅಮೀನಗಡದ ಕರದಂಟು ವಾರಗಟ್ಟಲೆ ಉಳಿಯುವುದೂ ಇದರಿಂದಲೇ. ಅಂಟು, ಒಣಹಣ್ಣು, ಬೆಲ್ಲ ಸೇರಿದ ಅದರಲ್ಲಿ ಇರುವ ಅಲ್ಪಸ್ವಲ್ಪ ನೀರನ್ನೂ ಬೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಕರಾವಳಿಯಲ್ಲಿ ಬಿಸಿಲು ಇದ್ದರೂ ಗಾಳಿಯಲ್ಲಿ ತೇವ ಇರುತ್ತದೆ. ಬಾಗಲಕೋಟೆಯ ಏಪ್ರಿಲ್ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಾಳಿಯೂ ಒಣ. ಹಾಗಾಗಿ ಅಲ್ಲಿ ನೆಲೆಸಿದ ನಮ್ಮವರು ಮೊದಲು ಕಲಿಯಬೇಕಾದದ್ದು ಈ ಒಣಗಿಸುವ ವಿದ್ಯೆ. ಬೆಂಡೆ, ಹಾಗಲ, ಚವಳಿಕಾಯಿ, ಬದನೆ ಯಾವುದಾದರೂ ಸರಿ. ತೆಳುವಾಗಿ ಹೆಚ್ಚಿ, ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದು, ನೀರು ಬಸಿದು, ಬಟ್ಟೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ. ಮೇಲೆ ತೆಳು ಬಟ್ಟೆ ಹೊದಿಸಿದರೆ ಧೂಳು, ನೊಣ ಬಾರದು. ಸಂಜೆ ಒಳಗೆ ತನ್ನಿ. ಮುರಿದರೆ ಟಕ್ಕನೆ ಮುರಿಯಬೇಕು, ಬಾಗಿದರೆ ಇನ್ನೊಂದು ದಿನದ ಬಿಸಿಲು ಬೇಕು. ಮೆಂತ್ಯೆಸೊಪ್ಪಿನಂಥದ್ದನ್ನು ಮಾತ್ರ ನೆರಳಲ್ಲಿ ಒಣಗಿಸಿ, ಬಣ್ಣ ಉಳಿಯುತ್ತದೆ.

ಒಂದು ಎಚ್ಚರಿಕೆ. ಅಲ್ಲಿ ಒಣಗಿಸಿದ್ದನ್ನು ಊರಿಗೆ ಕಳುಹಿಸುವುದಿದ್ದರೆ ಮಳೆಗೆ ಮೊದಲೇ ಕಳುಹಿಸಿ, ಅದೂ ಸಣ್ಣ ಸಣ್ಣ ಬಿಗಿ ಡಬ್ಬಗಳಲ್ಲಿ. ಜೂನ್ ತಿಂಗಳ ಮಂಗಳೂರಿನಲ್ಲಿ ದೊಡ್ಡ ಡಬ್ಬದ ಮುಚ್ಚಳ ದಿನಕ್ಕೆ ನಾಲ್ಕು ಸಲ ತೆಗೆದರೆ ಬಾಗಲಕೋಟೆಯ ಬಿಸಿಲೆಲ್ಲ ವ್ಯರ್ಥ. ಶೇಂಗಾದಲ್ಲಾಗಲಿ ಶೇಂಗಾ ಚಟ್ನಿಯಲ್ಲಾಗಲಿ ಬೂಷ್ಟು ಕಂಡರೆ ಮೇಲಿನದ್ದನ್ನು ತೆಗೆದು ಉಳಿದದ್ದನ್ನು ಬಳಸುವುದು ಬೇಡ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಲಿವರಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ.

ನಮ್ಮ ಭರಣಿ ಅಲ್ಲಿ ಹೇಗೆ?

ಉಪ್ಪುನೀರಿನ ಮಾವಿನಕಾಯಿ ಬಾಗಲಕೋಟೆಯಲ್ಲೂ ನಿಲ್ಲುತ್ತದೆ. ಉಪ್ಪು ಊರು ನೋಡುವುದಿಲ್ಲ. ಆದರೆ ಅಲ್ಲಿಯ ಸೆಕೆಗೆ ಭರಣಿಯ ನೀರು ಬೇಗ ಆರುತ್ತದೆ. ನೀರು ಇಳಿದು ಮೇಲಿನ ಕಾಯಿ ಗಾಳಿಗೆ ತೆರೆದುಕೊಂಡರೆ ಅಲ್ಲಿಂದಲೇ ಬೂಷ್ಟು ಶುರು. ಕಾಯಿಯ ಮೇಲೆ ತೊಳೆದ ಕಲ್ಲೋ ಪಿಂಗಾಣಿ ತಟ್ಟೆಯೋ ಭಾರ ಇಡಬೇಕು. ವಾರಕ್ಕೊಮ್ಮೆ ನೋಡಿ, ಕಾಯಿಸಿ ಆರಿಸಿದ ಗಟ್ಟಿ ಉಪ್ಪುನೀರು ಸೇರಿಸಬೇಕು. ಬಾಯಿಗೆ ಬಟ್ಟೆ ಕಟ್ಟಿದರೆ ಸಾಲದು, ಮುಚ್ಚಳವೂ ಬೇಕು.

ಹೋಳು ಉಪ್ಪಿನಕಾಯಿಗೆ ಮುಷ್ಟಿ ಲೆಕ್ಕ ಬಿಟ್ಟು ತಕ್ಕಡಿ ಹಿಡಿಯಿರಿ. ಒಂದು ಕಿಲೋ ಮಾವು ಅಥವಾ ನಿಂಬೆ ಹೋಳಿಗೆ 150ರಿಂದ 200 ಗ್ರಾಂ ಉಪ್ಪು. ಬಿ.ಪಿ. ಇದೆ ಎಂದು ಉಪ್ಪಿನಕಾಯಿಗೆ ಉಪ್ಪು ಕಡಿಮೆ ಹಾಕುವುದು ತಪ್ಪು ಲೆಕ್ಕ. ಬಿ.ಪಿ. ಇರುವವರು ತಿನ್ನುವುದನ್ನು ಕಡಿಮೆ ಮಾಡಬೇಕೇ ಹೊರತು ಭರಣಿಯ ಉಪ್ಪನ್ನಲ್ಲ. ಉಪ್ಪು ಕಡಿಮೆಯೇ ಬೇಕಿದ್ದರೆ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿ ಇಡಿ.

ಈರುಳ್ಳಿಯ ವಿಷಯ ಬೇರೆ. ಜಿಲ್ಲೆಗೊಂದು ಉತ್ಪನ್ನ ಯೋಜನೆಯಲ್ಲಿ ಬಾಗಲಕೋಟೆಯ ಹೆಸರಿನ ಮುಂದೆ ಇರುವುದು ಈರುಳ್ಳಿ. ಅಗ್ಗ ಸಿಕ್ಕಿತೆಂದು ಮೂಟೆ ತಂದು ಪ್ಲಾಸ್ಟಿಕ್ ಚೀಲದಲ್ಲಿ ಮೂಲೆಗಿಟ್ಟರೆ ಅರ್ಧ ಕೊಳೆತು ಹೋಗುತ್ತದೆ. ಮುಂಗಾರಿನ ಈರುಳ್ಳಿಯಲ್ಲಿ ನೀರಿನಂಶ ಹೆಚ್ಚು, ಅದು ಬೇಗ ಖರ್ಚು ಮಾಡಲಿಕ್ಕೆ. ಹಿಂಗಾರಿನದ್ದು ಗಾಳಿ ಆಡುವ ಕಡೆ ಹರಡಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಬಟಾಟೆಯ ಪಕ್ಕ ಮಾತ್ರ ಇಡಬೇಡಿ.

ಕಾಣದ ಅಪಾಯ

ಈಗ ಆ ಬಾಟಲಿಯ ಮಾತು. ಬೇಯಿಸಿದ ಬೀನ್ಸ್, ಕ್ಯಾರೆಟ್, ಬಟಾಟೆ, ಹಸಿ ಬಟಾಣಿ, ಮಾಂಸದ ಸಾರು ಇವನ್ನೆಲ್ಲ ಬಾಟಲಿಗೆ ತುಂಬಿ, ನೀರಿನಲ್ಲಿ ಕುದಿಸಿ, ಮುಚ್ಚಳ ಬಿಗಿದು ಹೊರಗೆ ಇಡುವುದು ಬೇಡವೇ ಬೇಡ.

ಕಾರಣ ಹೀಗಿದೆ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಇರುತ್ತವೆ. ತರಕಾರಿ ಎಷ್ಟು ತೊಳೆದರೂ ಒಂದಿಷ್ಟು ಉಳಿಯಬಹುದು. ಕುದಿಯುವ ನೀರಿಗೆ ಅವು ಸಾಯುವುದಿಲ್ಲ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಶಾಖ ಬೇಕು. ಗಾಳಿ ಇರುವಲ್ಲಿ ಅವು ಸುಮ್ಮನೆ ಇರುತ್ತವೆ. ನಾವು ಬಾಟಲಿಯಿಂದ ಗಾಳಿ ಹೊರಹಾಕಿ ಮುಚ್ಚಿದ್ದೇ ತಡ, ಅವುಗಳಿಗೆ ಬೇಕಾದ ಮನೆಯನ್ನು ನಾವೇ ಕಟ್ಟಿಕೊಟ್ಟ ಹಾಗಾಯಿತು. ಅವು ಮೊಳೆತು ಬಿಡುವ ವಿಷಕ್ಕೆ ಬಣ್ಣವಿಲ್ಲ. ಎಷ್ಟೋ ಸಲ ವಾಸನೆಯಲ್ಲೂ ರುಚಿಯಲ್ಲೂ ಏನೂ ಗೊತ್ತಾಗುವುದಿಲ್ಲ.

ಇದು ಹೆದರಿಸಲು ಹೇಳುವ ಕಥೆ ಅಲ್ಲ. 2015ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ಲ್ಯಾಂಕಾಸ್ಟರ್ ಎಂಬ ಊರಿನ ಸಾಮೂಹಿಕ ಊಟದಲ್ಲಿ, ಮನೆಯಲ್ಲಿ ಬಾಟಲಿಗೆ ಹಾಕಿದ್ದ ಬಟಾಟೆಯ ಸಲಾಡ್ ತಿಂದ 29 ಮಂದಿಗೆ ಬೊಟುಲಿಸಂ ತಗುಲಿತು, ಒಬ್ಬರು ತೀರಿಕೊಂಡರು. ಆ ಬಟಾಟೆಯನ್ನು ಒತ್ತಡದ ಪಾತ್ರೆಯಲ್ಲಿ ಅಲ್ಲ, ಬರೀ ಕುದಿಯುವ ನೀರಿನಲ್ಲಿ ಸಂಸ್ಕರಿಸಿದ್ದರು. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಎಣ್ಣೆಯಲ್ಲಿ ಹಾಕಿಟ್ಟ ಬೆಳ್ಳುಳ್ಳಿಯಿಂದ 36 ಮಂದಿಗೆ ಇದೇ ಆಯಿತು. ಹಸಿ ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಅಭ್ಯಾಸ ಇದ್ದವರು ಇವತ್ತೇ ಬಿಡಿ. ಅದು ಫ್ರಿಜ್ಜಿನಲ್ಲಿ ನಾಲ್ಕು ದಿನಕ್ಕೆ ಸಾಕು.

ಅಲ್ಲಿಯ ಕೆಂಪು ಹಿಂಡಿಯಲ್ಲೂ ಬೆಳ್ಳುಳ್ಳಿ ಉಂಟಲ್ಲ ಎಂದು ಕೇಳಬಹುದು. ಉಂಟು. ಜೊತೆಗೆ ಬೇಕಾದಷ್ಟು ಉಪ್ಪು, ಹುಣಸೆ ಅಥವಾ ನಿಂಬೆಯ ಹುಳಿಯೂ ಉಂಟು. ಪಿಎಚ್ 4.6ಕ್ಕಿಂತ ಕೆಳಗೆ ಇರುವ ಹುಳಿಯಲ್ಲಿ ಆ ಬೀಜಕ ಮೊಳೆಯುವುದಿಲ್ಲ. ಹಳಬರಿಗೆ ಪಿಎಚ್ ಗೊತ್ತಿರಲಿಲ್ಲ, ಹುಳಿ ಎಷ್ಟು ಬೇಕೆಂದು ಗೊತ್ತಿತ್ತು.

ಮನೆಯ ಕುಕ್ಕರಿನಲ್ಲಿ ಬಾಟಲಿ ಇಟ್ಟು ವಿಶಲ್ ಎಣಿಸುವುದೂ ಪರಿಹಾರವಲ್ಲ. ಸಣ್ಣ ಕುಕ್ಕರ್ ಬೇಗ ಬಿಸಿಯಾಗಿ ಬೇಗ ತಣಿಯುತ್ತದೆ, ಬಾಟಲಿಯ ನಡುವಿಗೆ ಶಾಖ ಮುಟ್ಟಿತೋ ಇಲ್ಲವೋ ತಿಳಿಯುವುದಿಲ್ಲ. ಮನೆಯ ಬಾಟಲಿಯದ್ದು ತಿಂದವರಿಗೆ ಕಣ್ಣು ಎರಡೆರಡು ಕಂಡರೆ, ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಜ್ವರ ಇಲ್ಲವೆಂದು ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ದು, ಏನು ತಿಂದದ್ದೆಂದು ಡಾಕ್ಟರಿಗೆ ಹೇಳಿ.

ಬಾಟಲಿಗೆ ಯಾವುದು ಹಾಕಬಹುದು?

ಹುಳಿ ಇರುವುದನ್ನು ಹಾಕಬಹುದು. ಮಾವಿನಕಾಯಿ, ನಿಂಬೆ, ದಾಳಿಂಬೆ, ಪುನರ್ಪುಳಿಗೆ ತಮ್ಮದೇ ಹುಳಿ ಸಾಕು. ಟೊಮೆಟೊ ಗಡಿಯಲ್ಲಿ ನಿಂತ ಹಣ್ಣು. ಕೆಲವು ಹುಳಿ, ಕೆಲವು ಸಪ್ಪೆ. ಸಂತೆಯಲ್ಲಿ ಟೊಮೆಟೊ ಕೇಳುವವರಿಲ್ಲದ ದಿನ ಬುಟ್ಟಿಗಟ್ಟಲೆ ಮನೆಗೆ ಬಂದರೆ ಹೀಗೆ ಮಾಡಿ. ಸಿಪ್ಪೆ ಸುಲಿದು, ಜಜ್ಜಿ, ಐದು ನಿಮಿಷ ಚೆನ್ನಾಗಿ ಕುದಿಸಿ. ಅರ್ಧ ಲೀಟರಿನ ಬಾಟಲಿಗೆ ಕಾಲು ಟೀ ಚಮಚ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಹಾಕಿ ಬಿಸಿ ಇರುವಾಗಲೇ ತುಂಬಿ. ಮೇಲೆ ಅರ್ಧ ಇಂಚು ಜಾಗ ಬಿಡಿ. ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸು ಸೇರಿಸಬೇಡಿ, ಹುಳಿ ತಗ್ಗುತ್ತದೆ. ಹೊಸ ಮುಚ್ಚಳ ಹಾಕಿ, ಬಾಟಲಿಯ ಮೇಲೆ ಇನ್ನೊಂದು ಇಂಚು ನೀರು ನಿಲ್ಲುವಂಥ ಪಾತ್ರೆಯಲ್ಲಿ ಕುದಿಸಿ.

ಎಷ್ಟು ಹೊತ್ತು? ಇಲ್ಲಿಯೂ ಊರು ಬದಲಾದರೆ ಲೆಕ್ಕ ಬದಲಾಗುತ್ತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಬಾಗಲಕೋಟೆ, ಇಳಕಲ್ಲು ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿವೆ, ಅಲ್ಲಿ ಸುಮಾರು 98 ಡಿಗ್ರಿಗೇ ಕುದಿ ಬರುತ್ತದೆ. ಅಮೆರಿಕದ ಕೃಷಿ ಇಲಾಖೆಯ ಮಾರ್ಗಸೂಚಿಯ ಪ್ರಕಾರ ಅರ್ಧ ಲೀಟರಿನಷ್ಟು ಜಜ್ಜಿದ ಟೊಮೆಟೊಗೆ ಸಮುದ್ರಮಟ್ಟದಲ್ಲಿ 35 ನಿಮಿಷವಾದರೆ ಆ ಎತ್ತರದಲ್ಲಿ 40 ನಿಮಿಷ. ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲ ಎನ್ನುವವರು ಕುದಿಸಿದ ಟೊಮೆಟೊವನ್ನು ಫ್ರೀಝರಿಗೆ ಹಾಕಿ. ಅದರಲ್ಲಿ ನಾಚಿಕೆ ಎಂತದ್ದು?

ಬಾಗಲಕೋಟೆ ದಾಳಿಂಬೆಯ ಜಿಲ್ಲೆ. ಬಿರುಕು ಬಿಟ್ಟ ಹಣ್ಣು, ಸಿಪ್ಪೆಯ ಮೇಲೆ ಕಲೆ ಬಿದ್ದ ಹಣ್ಣು ಕಡಿಮೆ ಕ್ರಯಕ್ಕೆ ಸಿಗುತ್ತದೆ. ಗಲ್ಫಿನಲ್ಲಿ ಇದ್ದು ಬಂದವರಿಗೆ ದಿಬ್ಸ್ ರುಮ್ಮಾನ್ ಗೊತ್ತು, ಅಲ್ಲಿಂದ ಬಾಟಲಿ ಹೊತ್ತು ತರುವವರೂ ಇದ್ದಾರೆ. ಅದು ಬೇರೇನೂ ಅಲ್ಲ, ಬತ್ತಿಸಿದ ದಾಳಿಂಬೆ ರಸ. ಕಾಳು ಕೊಳೆತ ಹಣ್ಣನ್ನು ಬದಿಗಿಟ್ಟು ಒಂದು ಲೀಟರ್ ರಸ ತೆಗೆಯಿರಿ. ಕಾಲು ಕಪ್ ಸಕ್ಕರೆ, ಎರಡು ಚಮಚ ನಿಂಬೆರಸ ಸೇರಿಸಿ, ಅಗಲ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಲು ಭಾಗಕ್ಕೆ ಬತ್ತಿಸಿ. ತಣಿದ ಮೇಲೆ ಫ್ರಿಜ್ಜಿನಲ್ಲಿ ಇಡಿ. ಮಾಂಸ ನೆನೆಸಲಿಕ್ಕೂ ಆಯಿತು, ಇಫ್ತಾರಿನ ಶರಬತ್ತಿಗೂ ಆಯಿತು.

ಸಂಶಯ ಬಂದರೆ ಕೇಳಲು ಜಾಗ ದೂರ ಇಲ್ಲ. ಬಾಗಲಕೋಟೆಯಲ್ಲೇ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಕೆಲಸ ಮಾಡುತ್ತಿದೆ. ಮನೆಯಲ್ಲಿ ಮಾಡಿದ್ದನ್ನು ಮಾರುವ ಆಲೋಚನೆ ಇರುವ ಹೆಂಗಸರು ಆಹಾರ ಸುರಕ್ಷತಾ ನೋಂದಣಿಯನ್ನು ಮೊದಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಕೂಡಿಡುವುದೂ ಒಂದು ಅಮಾನತ್ತು

ಯೂಸುಫ್ (ಅ) ಅವರ ಚರಿತ್ರೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಏಳು ವರ್ಷದ ಸುಗ್ಗಿಯಲ್ಲಿ ಬೆಳೆದದ್ದನ್ನು ತಿನ್ನಲು ಬೇಕಾದಷ್ಟು ಮಾತ್ರ ತೆಗೆದು, ಉಳಿದದ್ದನ್ನು ತೆನೆಯಲ್ಲೇ ಬಿಡಲು ಅವರು ಹೇಳಿದರು. ಮುಂದೆ ಬಂದ ಏಳು ವರ್ಷದ ಬರಕ್ಕೆ ಅದೇ ಅನ್ನವಾಯಿತು. ಕೂಡಿಡು ಎಂದಷ್ಟೇ ಅಲ್ಲ, ಯಾವುದನ್ನು ಹೇಗೆ ಇಟ್ಟರೆ ಉಳಿಯುತ್ತದೆ ಎಂಬುದೂ ಆ ಮಾತಿನಲ್ಲಿ ಇದೆ. ಸಿರ್ಕವನ್ನು ಒಳ್ಳೆಯ ವ್ಯಂಜನವೆಂದು ಪ್ರವಾದಿ (ಸ) ಮೆಚ್ಚಿದ್ದು ಹದೀಸಿನಲ್ಲಿ ಬಂದಿದೆ. ತಿನ್ನುವ ವಸ್ತುವನ್ನು ಕೊಳೆಯಲು ಬಿಡುವುದು ಇಸ್ರಾಫ್. ಕೆಟ್ಟಿರಬಹುದೆಂಬ ಸಂಶಯ ಇದ್ದೂ ಎಸೆಯಲು ಮನಸ್ಸಾಗದೆ ಮಕ್ಕಳಿಗೆ ಬಡಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಈ ಬೇಸಿಗೆಯಲ್ಲಿ ಪ್ರತಿ ಡಬ್ಬ, ಭರಣಿ, ಬಾಟಲಿಯ ಮೇಲೆ ಒಂದು ಚೀಟಿ ಅಂಟಿಸೋಣ. ಏನು, ಯಾವ ದಿನ ಹಾಕಿದ್ದು, ಹುಳಿ ಎಷ್ಟು, ಉಪ್ಪು ಎಷ್ಟು. ಮುಚ್ಚಳ ಉಬ್ಬಿದ್ದರೆ, ಸೋರಿದ್ದರೆ, ತೆಗೆಯುವಾಗ ನೊರೆ ಚಿಮ್ಮಿದರೆ ರುಚಿ ನೋಡಲು ಹೋಗದೆ, ಕೋಳಿಗೂ ಬೆಕ್ಕಿಗೂ ಸಿಗದಂತೆ ಚೀಲದಲ್ಲಿ ಕಟ್ಟಿ ಎಸೆಯೋಣ. ಇಳಕಲ್ಲಿನ ಪಕ್ಕದ ಮನೆಯವರು ಶೇಂಗಾ ಚಟ್ನಿ ಕೊಟ್ಟ ಡಬ್ಬವನ್ನು ಖಾಲಿ ಹಿಂತಿರುಗಿಸುವುದೂ ಬೇಡ. ನಮ್ಮ ಭರಣಿಯ ನಾಲ್ಕು ಮಾವಿನಕಾಯಿ ಅದರಲ್ಲಿ ಹೋಗಲಿ.