ವರ್ಷಾಂತ್ಯದ ಪಾಠ

ಮಾರ್ಚಿ ತಿಂಗಳ ಸೆಕೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಶಾಲೆಗಳಲ್ಲಿ ಮಕ್ಕಳ ಮೈ ತರಗತಿಯಲ್ಲಿ, ಮನಸ್ಸು ಗೇರುಮರದ ಮೇಲೆ. ಗದರಿಕೆಯಿಂದ ಆ ಮನಸ್ಸನ್ನು ಎಳೆತರಲಾದೀತೆ? ಅದಿದ್ದಲ್ಲಿಗೆ ಪಾಠವೇ ಹೋಗಬಾರದೇಕೆ?

ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ನಿಸರ್ಗಗಳ ಮೂಲಕವೇ ಮಕ್ಕಳಿಗೆ ಕಲಿಸಲೆಳಸಿದರು. ನಮ್ಮ ಉಪಾಧ್ಯಾಯರಿಗೂ ಆ ದಾರಿ ತೆರೆದಿದೆ. ಮರವಂತೆಯಲ್ಲಿ ಕಡಲಿನ ಮಗ್ಗುಲಿಗೇ ಬಂದ ಸೌಪರ್ಣಿಕೆ ಅಲ್ಲಿಯೇ ಅದನ್ನು ಕೂಡದೆ, ತೆಂಕಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಯವರೆಗೆ ಸಾಗುವುದೇಕೆ? ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಮೌನವಾಗಿದ್ದ ಮೀನುಗಾರರ ಹುಡುಗನೇ ಮೊದಲು ಕೈಯೆತ್ತಿಯಾನು. ಅಲೆಗಳು ಒಟ್ಟಿದ ಮರಳದಿಬ್ಬವನ್ನು ಅವನು ಕಣ್ಣಾರೆ ಕಂಡವನು.

ಪರೀಕ್ಷೆ ಅಂಕಗಳನ್ನು ಅಳೆದೀತು. ಆದರೆ ತಾನೂ ಒಂದನ್ನು ಬಲ್ಲೆನೆಂಬ ಧೈರ್ಯವಿಲ್ಲದೆ ರಜೆಗೆ ಹೊರಟ ಹುಡುಗ, ಮಳೆಗಾಲಕ್ಕೆ ಶಾಲೆಗೆ ಮರಳುವನೆಂಬ ಭರವಸೆ ಎಲ್ಲಿಯದು?