ಹನ್ನೊಂದು ವರ್ಷದ ಚಕ್ರ ಮಳೆಯದ್ದೋ, ಫಿಲ್ಟರಿನದ್ದೋ?

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮಳೆಗೊಂದು ಚಕ್ರವಿದೆ, ಅಂಕಿಗಳನ್ನು ಸೋಸಿದರೆ ಅದು ತಾನಾಗಿ ಕಾಣುತ್ತದೆ ಎಂಬ ನಂಬಿಕೆ ಓದಿದವರಲ್ಲೂ ಇದೆ. ವರ್ಷಕ್ಕೆ ಸರಾಸರಿ ಐನೂರು ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನೆಚ್ಚಿ ಶೇಂಗಾ ಬಿತ್ತುವ ಕಡೆ, ಕೈಕೊಡುವ ಮಳೆಗೆ ಒಂದು ಲೆಕ್ಕ ಹುಡುಕುವುದು ಸಹಜವೇ. ವಾರ್ಷಿಕ ಮಳೆಯ ಪಟ್ಟಿಗೆ ಹನ್ನೊಂದು ವರ್ಷದ ಚಲಿಸುವ ಸರಾಸರಿ (ಪ್ರತಿ ವರ್ಷಕ್ಕೂ ಅದರ ಹಿಂದಿನ ಐದು, ಮುಂದಿನ ಐದು ವರ್ಷ ಸೇರಿಸಿ ತೆಗೆದ ಸರಾಸರಿ) ಎಂಬ ಫಿಲ್ಟರ್ ಹಾಕಿದರೆ ಗರಗಸದ ಹಲ್ಲಿನಂಥ ಗೆರೆ ನಯವಾದ ಅಲೆಯಾಗುತ್ತದೆ. ಸೂರ್ಯನ ಕಲೆಗಳಿಗೂ ಸುಮಾರು ಹನ್ನೊಂದೇ ವರ್ಷದ ಚಕ್ರವಲ್ಲವೇ ಎಂದು ಜೋಡಿಸಲು ಆಮೇಲೆ ಹೆಚ್ಚು ಹೊತ್ತು ಬೇಕಿಲ್ಲ.

ಫಿಲ್ಟರಿನ ಕಟ್‌ಆಫ್ ಆವರ್ತನವನ್ನು, ಅಂದರೆ ಯಾವ ಏರಿಳಿತ ಉಳಿಯಬೇಕು, ಯಾವುದು ಹೋಗಬೇಕು ಎಂಬ ಗಡಿಯನ್ನು, ಜರಡಿಯ ಕಣ್ಣೆಂದು ತಿಳಿದಿರುವುದೇ ಇಲ್ಲಿನ ತಪ್ಪು: ಬೇಗ ಏರಿಳಿಯುವುದು ಕೆಳಗೆ, ಉಳಿದದ್ದು ಮೇಲೆ. ಚಲಿಸುವ ಸರಾಸರಿ ಹಾಗೆ ಸೋಸುವುದೇ ಇಲ್ಲ. ಹನ್ನೊಂದು ವರ್ಷದ ಸರಾಸರಿ ಸರಿಯಾಗಿ ಹನ್ನೊಂದು ವರ್ಷದ ಏರಿಳಿತವನ್ನೇ ಪೂರ್ತಿ ಅಳಿಸುತ್ತದೆ, ಏಕೆಂದರೆ ಒಂದು ಸುತ್ತಿನ ಏರು-ಇಳಿವು ಕೂಡಿದರೆ ಸೊನ್ನೆ. ಸೂರ್ಯನ ಚಕ್ರ ಹುಡುಕಲು ಹೊರಟವರು ಮೊದಲು ಒರೆಸಿಹಾಕುವುದು ಅದನ್ನೇ! ಹದಿನೆಂಟು ವರ್ಷದ ಅಲೆಯೂ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಹೆಸರಿಗೆ ಹನ್ನೊಂದಾದರೂ ನಿಜವಾದ ಗಡಿ ಹದಿನೆಂಟರ ಹತ್ತಿರ. ಏಳೆಂಟು ವರ್ಷದ ಏರಿಳಿತವಂತೂ ಐದನೇ ಒಂದು ಪಾಲಿನಷ್ಟು ಉಳಿದು, ತಲೆಕೆಳಗಾಗಿ ಹೊರಬರುತ್ತದೆ: ಒಳ್ಳೆ ಮಳೆಯ ಜಾಗದಲ್ಲಿ ತಗ್ಗು, ಬರದ ಜಾಗದಲ್ಲಿ ದಿಬ್ಬ. ಹಾಗಾದರೆ ಕಂಡ ಅಲೆ ಎಲ್ಲಿಂದ ಬಂತು? ರಷ್ಯಾದ ಸಂಖ್ಯಾಶಾಸ್ತ್ರಜ್ಞ ಸ್ಲುಟ್‌ಸ್ಕಿ 1927ರಲ್ಲೇ ಲಾಟರಿ ಅಂಕಿಗಳನ್ನು ಹತ್ತತ್ತಾಗಿ ಕೂಡಿಸುತ್ತಾ ಹೋಗಿ, ಯಾವ ಕ್ರಮವೂ ಇಲ್ಲದ ಅಂಕಿಗಳಿಂದ ವ್ಯಾಪಾರದ ಏರಿಳಿತವನ್ನೇ ಹೋಲುವ ಅಲೆ ಎಬ್ಬಿಸಿ ತೋರಿಸಿದ್ದರು.

ಇನ್ನೂ ಖಡಕ್ಕಾಗಿ ಕತ್ತರಿಸುವ ಫಿಲ್ಟರ್ ಬಳಸಿದರಾಯಿತಲ್ಲ ಎನ್ನಬಹುದು. ಆದರೆ ಅಂಚು ಹರಿತವಾದಷ್ಟೂ ಒಂದೇ ಒಂದು ಅತಿವೃಷ್ಟಿಯ ವರ್ಷ ತನ್ನ ಅಕ್ಕಪಕ್ಕ ಇಲ್ಲದ ಕಿರುಅಲೆಗಳನ್ನು ಹುಟ್ಟಿಸುತ್ತದೆ. ಸೋಸದಿದ್ದರೆ ಏನೂ ಕಾಣದು ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಅದಕ್ಕೆ ಉತ್ತರವೆಂದರೆ, ಗಡಿ ಗೊತ್ತುಮಾಡಬೇಕಾದದ್ದು ಪ್ರಶ್ನೆ, ಚಿತ್ರದ ಚೆಂದವಲ್ಲ. ಎಲ್ ನಿನೊ ಎರಡರಿಂದ ಏಳು ವರ್ಷಕ್ಕೊಮ್ಮೆ ಬರುವಂಥದ್ದು. ಅದರ ಪ್ರಭಾವ ಬೇಕೆನ್ನುವವರು ಹತ್ತು ವರ್ಷಕ್ಕೆ ಕತ್ತರಿಸಿದರೆ ಬೇಕಾದದ್ದೇ ಹೋಯಿತು. ಗಡಿಯನ್ನು ಮೊದಲೇ ಬರೆದಿಟ್ಟು, ಆಮೇಲೆ ಒಂಬತ್ತಕ್ಕೂ ಹದಿಮೂರಕ್ಕೂ ಸರಿಸಿ ನೋಡಬೇಕು. ವರ್ಷಗಳನ್ನು ಇಸ್ಪೀಟಿನಂತೆ ಕಲಸಿ ಅದೇ ಫಿಲ್ಟರ್ ಹಾಕಿದಾಗಲೂ ಅಂಥದ್ದೇ ಅಲೆ ಎದ್ದರೆ ಅದು ಮಳೆಯದ್ದಲ್ಲ. ಗೆರೆಯ ಎರಡೂ ತುದಿಗಳಲ್ಲಿ ಐದೈದು ವರ್ಷಕ್ಕೆ ಸರಾಸರಿಯೇ ಸಿಗುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಈಚಿನ ವರ್ಷಗಳ ತನಕ ಎಳೆದ ಗೆರೆಯಲ್ಲಿ ಊಹೆಯ ತೇಪೆ ಇದ್ದೇ ಇರುತ್ತದೆ.

ಇನ್ನೂ ಬಲವಾದ ಆಕ್ಷೇಪ ವೇದಾವತಿ ನದಿಯಿಂದ ಬರುತ್ತದೆ. ಅದಕ್ಕೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಸೂರ್ಯನಿಗೂ ಎಂಬತ್ತು-ತೊಂಬತ್ತು ವರ್ಷದ ದೀರ್ಘ ಚಕ್ರವೊಂದನ್ನು ಹೇಳುತ್ತಾರಾದ್ದರಿಂದ ಆಸೆ ಇನ್ನಷ್ಟು ಬಲಿಯುತ್ತದೆ. ಆದರೆ ಎರಡು ಬಿಂದುಗಳ ನಡುವಿನ ಅಂತರ ಚಕ್ರವಾಗದು. ಮುಂದಿನ ಕೋಡಿಗೆ ಇನ್ನೊಂದು 89 ವರ್ಷ ಕಾಯಬೇಕಾಗಲಿಲ್ಲ, 2025ರ ಜನವರಿಯಲ್ಲೇ ಅಣೆಕಟ್ಟೆ ತುಂಬಿ ಹರಿಯಿತು. ಅಷ್ಟರಲ್ಲಿ ಭದ್ರಾ ನದಿಯ ನೀರನ್ನೂ ಎತ್ತಿ ಅದಕ್ಕೆ ಹರಿಸತೊಡಗಿದ್ದರು, ಹಾಗಾಗಿ ಅಲ್ಲಿನ ನೀರಿನ ಮಟ್ಟ ಬರೀ ಮಳೆಯ ದಾಖಲೆಯಾಗಿ ಉಳಿದಿಲ್ಲ.

ಇನ್ನು ಶೇಂಗಾ ಬೆಳೆಗಾರನ ಪ್ರಶ್ನೆ ಚಕ್ರದ್ದೇ ಅಲ್ಲ. ಹೂವಾಗಿ ಕಾಯಿ ಕಟ್ಟುವ ಹೊತ್ತಿಗೆ ಎರಡು-ಮೂರು ವಾರ ಮಳೆ ತಪ್ಪಿದರೆ ವರ್ಷದ ಮೊತ್ತ ಸರಾಸರಿ ಮುಟ್ಟಿದ್ದರೂ ಇಳುವರಿ ಬಾರದು. ವಾರ್ಷಿಕ ಅಂಕಿಗಳಲ್ಲಿ ಎರಡು ವರ್ಷಕ್ಕಿಂತ ಚಿಕ್ಕ ಏರಿಳಿತ ಕಾಣುವ ಮಾತೇ ಇಲ್ಲ. ಯಾವ ಫಿಲ್ಟರೂ ಅದನ್ನು ತಂದುಕೊಡದು. ಅದಕ್ಕೆ ಬೇಕಾದದ್ದು ಹೋಬಳಿ ಮಳೆಮಾಪಕದ ದಿನದಿನದ ಲೆಕ್ಕ, ಸೋಸದೆ ಇದ್ದ ಹಾಗೆಯೇ.