ಬಣ್ಣಕ್ಕೆ ನೆರೆಯ ಹಂಗು

ಹಳೆಯ ಫೋಟೋದಲ್ಲಿ ಹಿರಿಯರೊಬ್ಬರ ಕೆನ್ನೆಯ ಮೇಲೆ ಬಿಳಿ ಕಲೆ ಬಿದ್ದಿದೆ ಎನ್ನಿ. ಕಂಪ್ಯೂಟರಿನಲ್ಲಿ ಕಣ್ಣಂದಾಜಿನಿಂದ ಬಣ್ಣ ಆರಿಸಿ ಅದನ್ನು ಮುಚ್ಚಿದರೆ ತೇಪೆ ಎದ್ದು ಕಾಣುತ್ತದೆ. ಏಕೆ?

ಪ್ಯಾರಿಸ್ಸಿನ ಗೋಬ್ಲೆಂ ಕಾರ್ಖಾನೆಯಲ್ಲಿ ಚಿತ್ರವಸ್ತ್ರ ನೇಯುವಾಗ ಕಪ್ಪು ನೂಲು ಕಳೆಗುಂದಿದಂತೆ ಕಾಣುತ್ತದೆಂಬ ದೂರಿತ್ತು. ೧೮೨೪ರಲ್ಲಿ ಅಲ್ಲಿನ ಬಣ್ಣಗಾರಿಕೆಯ ಮುಖ್ಯಸ್ಥನಾದ ರಸಾಯನಶಾಸ್ತ್ರಜ್ಞ ಮಿಷೆಲ್ ಷೆವ್ರಲ್ ಪರೀಕ್ಷಿಸಿದ. ತಪ್ಪು ಕಪ್ಪು ಬಣ್ಣದ್ದಲ್ಲ, ಪಕ್ಕದಲ್ಲಿದ್ದ ನೀಲಿ, ನೇರಳೆಗಳದ್ದು! ನೆರೆಯ ಬಣ್ಣ ಬದಲಾದರೆ ನಮಗೆ ಕಾಣುವ ಬಣ್ಣವೂ ಬದಲಾಗುತ್ತದೆ ಎಂಬ ಈ ನಿಯಮವನ್ನು ಆತ ೧೮೩೯ರಲ್ಲಿ ಗ್ರಂಥವಾಗಿ ಪ್ರಕಟಿಸಿದ.

ಫೋಟೋಷಾಪ್‌ನಂಥ ತಂತ್ರಾಂಶಗಳಲ್ಲಿರುವ 'ಐಡ್ರಾಪರ್' ಎಂಬ ಸಾಧನಕ್ಕೆ ಈ ನೆರೆಯ ಹಂಗಿಲ್ಲ. ಮುಟ್ಟಿದ ಬಿಂದುವಿನ ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ಅದು ಮೂರು ಅಂಕಿಗಳಾಗಿ ಓದುತ್ತದೆ. ಸಾಮಾನ್ಯವಾಗಿ ಪ್ರತಿ ಅಂಕಿಯೂ ೦ಯಿಂದ ೨೫೫ರೊಳಗೆ. ಒಟ್ಟು ೧,೬೭,೭೭,೨೧೬ ಬಣ್ಣಗಳು ಸಾಧ್ಯ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ಇಲ್ಲಿ ಒಂದು ಬಿಂದು ಸಾಲದು. ಹಳೆಯ ಫೋಟೋದಲ್ಲಿ ಒಂದೊಂದು ಕಣದ ಬಣ್ಣವೂ ಒಂದೊಂದು ಬಗೆ. ಆದ್ದರಿಂದ ೯ ಅಥವಾ ೨೫ ಬಿಂದುಗಳ ಸರಾಸರಿ ತೆಗೆಯುವಂತೆ ಸಾಧನವನ್ನು ಹೊಂದಿಸಿಕೊಳ್ಳಬೇಕು. ಮಾದರಿಯನ್ನೂ ಕಲೆಯ ಅಂಚಿನಲ್ಲೇ ತೆಗೆಯಬೇಕು. ಬೆಳಕು ಬೇರೆಯಾಗಿ ಬಿದ್ದ ಇನ್ನೊಂದು ಕೆನ್ನೆಯ ಬಣ್ಣ ಇಲ್ಲಿಗೆ ಒಪ್ಪದು. ಒಂದೇ ಕಡೆಯ ಬಣ್ಣವನ್ನು ಕಲೆಯುದ್ದಕ್ಕೂ ಬಳಿದರೂ ಮುಖ ಗೋಡೆಯಂತಾದೀತು. ಅಂಚಿನ ಹಲವು ಕಡೆ ಮಾದರಿ ತೆಗೆದು ತೆಳುವಾಗಿ ಬೆರೆಸಬೇಕು.

ಅಂಕಿಗಳು ಹೊಂದಿದ ಮೇಲೆ ಚಿತ್ರವನ್ನು ಚಿಕ್ಕದಾಗಿಸಿ ಒಮ್ಮೆ ಇಡಿಯಾಗಿ ನೋಡಿ. ಆರಿಸುವಾಗ ಮೋಸಹೋಗುವ ಕಣ್ಣೇ ಕೊನೆಯ ತೀರ್ಪು ಕೊಡಬೇಕು. ಫೋಟೋ ನೋಡುವುದು ಯಂತ್ರವಲ್ಲ, ಮನೆಯವರು.